ಮನೆಗೆಲ್ಲಾ ಪಥ್ಯ

ಜನವರಿ 9, 2023, ಸೋಮವಾರ

...ಅದೂ ಸಾಲದು ಅಂತ ಊಟಕ್ಕೆ ಕೂತರೆ ಕೈಯಲ್ಲಿ ಅದೇ ವಾಸನೆ. ಸೋಪು ಸವೆಯಿತೇ ಹೊರತು ವಾಸನೆ ಹೋಗಲಿಲ್ಲ. ಬೆಂದ ಹುಳುವಿನ ವಾಸನೆ ಚರ್ಮದ ಒಳಗೆ ಇಳಿದುಬಿಟ್ಟಿರುತ್ತದೆ. ರೇಷ್ಮೆ ಸೀರೆ ಉಡುವವರು ಒಂದು ದಿನ ರಾಮನಗರಕ್ಕೆ ಬಂದು, ನಮ್ಮ ನೂಲು ತೆಗೆಯುವ ರೀಲಿಂಗ್ ಯೂನಿಟ್ಟಿನಲ್ಲಿ ಗೂಡು ಬೇಯುವ ತೊಟ್ಟಿಯ ಮುಂದೆ ನಿಲ್ಲಬೇಕು. ಆಮೇಲೆ ಮದುವೆ ಮನೆಯಲ್ಲಿ ಅವರಿಗೆ ಊಟ ಇಳಿಯುತ್ತದೋ ನೋಡೋಣ.

ಬೆಳಿಗ್ಗೆಯಿಂದ ಎಳೆ ತುಂಡಾಗುತ್ತಲೇ ಇತ್ತು. ಯಜಮಾನ ಸನಾವುಲ್ಲಾ ಸಾಹೇಬರು, "ನೂಲು ತೆಗೀತಿದೀಯೋ, ಶಾವಿಗೆ ಮಾಡ್ತಿದೀಯೋ?" ಅಂದರು. ಎಲ್ಲರೂ ನಕ್ಕರು. ಅಷ್ಟರಲ್ಲಿ ಅವ್ವನ ಫೋನು.

ನನ್ನ ತಂಗಿ ಕಬ್ಬಾಳಿ ಹಾಸ್ಟೆಲ್ ಬಿಟ್ಟು ಮನೆಗೆ ಬಂದಿದ್ದಾಳಂತೆ. ಕಬ್ಬಾಳು ಊರಿನ ಆಚೆ, ಬೆಟ್ಟದ ಬುಡದಲ್ಲಿರುವ ನಮ್ಮ ಇರುಳಿಗ ಬುಡಕಟ್ಟಿನ ದೊಡ್ಡಿಯಿಂದ ಪಿಯುಸಿಗೆ ಹೋದ ಮೊದಲ ಹುಡುಗಿ ಅವಳು. ಹಾಸ್ಟೆಲ್ಲಿನಲ್ಲಿ ಯಾವಳೋ ತಲೆಸುತ್ತಿ ಬಿದ್ದಳಂತೆ. ಇವಳ ದಿಂಬಿನ ಕೆಳಗೆ ಅಜ್ಜಿ ತಲೆನೋವಿಗೆ ಅಂತ ಕೊಟ್ಟಿದ್ದ ಬೇರು ಸಿಕ್ಕಿತಂತೆ. ಕಾಡಿನವಳು, ಮಾಟ ಮಾಡಿದ್ದಾಳೆ ಅಂತ ಒಬ್ಬಳು ಅಂದಳು. ಆಮೇಲೆ ಎಲ್ಲರೂ ಅಂದರು. ಊಟಕ್ಕೆ ಕೂತರೆ ಅಕ್ಕಪಕ್ಕದ ತಟ್ಟೆಗಳು ಎದ್ದು ಹೋಗುತ್ತಿದ್ದವಂತೆ. ಜೊತೆಗೆ ಓದುವ ಪಕ್ಕದ ಊರಿನ ಹುಡುಗಿ ಬಂದು ಅವ್ವನಿಗೆ ಇಷ್ಟು ಹೇಳಿದ್ದಾಳೆ. ಕಬ್ಬಾಳಿ ಒಂದು ಮಾತೂ ಹೇಳಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ. ಅನ್ನ ಮುಟ್ಟುತ್ತಿಲ್ಲ.

ಥೂ. ಆ ಹುಡುಗಿಯರಿಗೂ ಥೂ, ಬೇರು ಕೊಟ್ಟು ಕಳಿಸಿದ ಅಜ್ಜಿಗೂ ಥೂ.

ಇದನ್ನು ಯಾರಿಗೂ ಕಳಿಸುವುದಿಲ್ಲ. ನನ್ನ ನಂಬರಿಗೆ ನಾನೇ ವಾಯ್ಸ್ ಕಳಿಸಿಕೊಳ್ಳುವುದನ್ನು ಜೊತೆಗೆ ಕೆಲಸ ಮಾಡುವ ಸಮದ್ ಹೇಳಿಕೊಟ್ಟಿದ್ದಾನೆ. ಹೇಳಿ ಮುಗಿಸಿದರೆ ನಿದ್ದೆಯಾದರೂ ಬರುತ್ತದೆ.

ಜನವರಿ 11, ಬುಧವಾರ

ಅಜ್ಜಿಯೇ ಫೋನ್ ಮಾಡಿದಳು. ನಮ್ಮ ಕೆಂಚಮ್ಮಜ್ಜಿಗೆ ಫೋನಿನಲ್ಲಿ ಮಾತಾಡಲು ಬರುವುದಿಲ್ಲ, ಕೂಗಲು ಬರುತ್ತದೆ.

"ಅಂಕ, ಕೇಳುಸ್ಕೊ. ಇವತ್ತಿಂದ ಉಪ್ಪು ಬುಡು."

"ಯಾಕಜ್ಜಿ, ನಂಗೇನಾಗೈತೆ?"

"ನಿಂಗೇನೂ ಆಗಿಲ್ಲ. ನಿನ್ ತಂಗಿಗೆ ಆಗೈತೆ. ಔಸ್ತಿ ಅವ್ಳಿಗೆ, ಪಥ್ಯ ಮನೆಗೆಲ್ಲಾ."

ಇದು ನಮ್ಮಜ್ಜಿಯ ತವರಿನಿಂದ ಬಂದ ಪದ್ಧತಿ. ಜ್ವರ, ಕೆಮ್ಮು, ಚೇಳು ಕಚ್ಚಿದ್ದು ಇಂಥದಕ್ಕೆಲ್ಲ ಬೇನೆ ಬಿದ್ದವರು ಮಾತ್ರ ಔಷಧಿ ಕುಡಿದರೆ ಆಯಿತು. ಯಾರಾದರೂ ಮಾತು ಬಿಟ್ಟು, ಅನ್ನ ಬಿಟ್ಟು ಮಲಗಿದರೆ ಮಾತ್ರ ಅಜ್ಜಿ ಮನೆಯವರನ್ನೆಲ್ಲ ಹಿಡಿದು ಕೂರಿಸುತ್ತಾಳೆ. ಉಪ್ಪಿಲ್ಲ, ಒಗ್ಗರಣೆಯಿಲ್ಲ, ಬಾಡಿಲ್ಲ, ಕುಡಿತವಿಲ್ಲ. ಮಲಗಿದವರು ತಾವಾಗಿ ಬಾಯಿಬಿಟ್ಟು "ಉಪ್ಪು ಹಾಕು" ಅಂತ ಕೇಳುವವರೆಗೆ ಮನೆಯಲ್ಲಿ ಯಾರೂ ಉಪ್ಪು ಮುಟ್ಟುವಂತಿಲ್ಲ. ಯಾರಾದರೂ ಮುರಿದರೆ ಮಲಗಿದವರ ಮುಂದೆ ಕೂತು, ಮುರಿದೆ ಅಂತ ಹೇಳಬೇಕು. ಅಜ್ಜಿ ಬೈಯುವುದಿಲ್ಲ, ದಂಡ ಹಾಕುವುದಿಲ್ಲ. ಹೇಳಬೇಕು, ಅಷ್ಟೇ.

"ಹಂಗಾರೆ ಅಪ್ಪ ಕುಡಿಯೋದು ಬುಡ್ತಾನಾ?" ಅಂದೆ.

"ಅವ್ನ ಮಾತು ಅವ್ನು ಆಡ್ತಾನೆ. ನೀ ನಿಂದು ಹೇಳು."

"ನಾನಿಲ್ಲಿ ರಾಮನಗರದಲ್ಲಿ ಉಪ್ಪು ಬುಟ್ರೆ ಅಲ್ಲಿ ಅವ್ಳಿಗೆ ಹೊಟ್ಟೆ ತುಂಬ್ತದಾ?"

"ನೀನು ಆ ಮನೆಯವ್ನು ಹೌದಾ ಅಲ್ವಾ? ಅಷ್ಟು ಹೇಳು."

"ಹೂಂ ಬುಡಜ್ಜಿ, ಹಿಡೀತೀನಿ" ಅಂದು ಫೋನ್ ಇಟ್ಟೆ. ಹೊಗೆ ಹಿಡಿದ ಗುಡಿಸಲು, ಉಗುರಿನ ಸಂದಿಯಲ್ಲಿ ಬೇರಿನ ಮಣ್ಣು, ಅದೇ ಕೈಯಲ್ಲಿ ಎಲ್ಲರ ಬಾಯಿಗೂ ಕಷಾಯ. ಇದನ್ನೆಲ್ಲ ಬಿಟ್ಟು ಬರಬೇಕು ಅಂತಲೇ ನಾನು ಬಂದದ್ದು. ಈಗ ನನ್ನ ತಟ್ಟೆಗೂ ಕೈ ಹಾಕುತ್ತಾಳೆ.

ಸಂಜೆ ಸಮದ್ ಜೊತೆ ಹೋಗಿ ಬಿರಿಯಾನಿ ತಿಂದೆ. ಒಂದು ಪ್ಲೇಟ್ ಆದ ಮೇಲೆ ಇನ್ನೊಂದು.

ಜನವರಿ 15, ಭಾನುವಾರ

ಹಬ್ಬ. ಮೆಸ್ಸಿನಲ್ಲಿ ಹಿತಕಿದ ಬೇಳೆ ಸಾರು ಮಾಡಿದ್ದರು. ಮಾಗಡಿ ಕಡೆಯ ಅವರೆಕಾಯಿ, ಸೊಗಡು ಬೀದಿಗೇ ಬರುತ್ತಿತ್ತು. ಹಾಕಿಸಿಕೊಂಡು ಹಾಕಿಸಿಕೊಂಡು ತಿಂದೆ. ಕೈ ತೊಳೆಯುವಾಗ ಅಜ್ಜಿಯ ಫೋನು.

"ಇವತ್ತು ಎಲ್ಡು ತುತ್ತು ತಿಂದ್ಲು ಕಣ್ ಮಗ!"

"ಯಾರು?"

"ಯಾರು ಅಂತಾನೆ ನೋಡು. ಕಬ್ಬಾಳಿ ಕಣ್ಲಾ. ಬಾಯೇ ತೆಗೀತಿರ್ನಿಲ್ಲ. ನಾನಂದೆ, ನಿಮ್ಮಣ್ಣ ಅಲ್ಲಿ ಒಬ್ನೇ ಅವ್ನೆ, ಸುತ್ತ ಎಲ್ರೂ ಹಬ್ಬದೂಟ ಉಣ್ತಾವ್ರೆ, ಅವ್ನು ನಿನಗೋಸ್ಕರ ಸಪ್ಪೆ ಉಣ್ತಾವ್ನೆ ಅಂದೆ. ಒಸಿ ಹೊತ್ತು ಗೋಡೆನೇ ನೋಡುದ್ಲು. ಆಮ್ಯಾಲೆ ಬಾಯಿ ತೆಗುದ್ಲು."

ನನ್ನ ಕೈಯಲ್ಲಿ ಇನ್ನೂ ಸಾರಿನ ಜಿಡ್ಡಿತ್ತು. "ಸರಿ ಅಜ್ಜಿ" ಅಂದೆ.

ಸಂಜೆಯಿಂದ ಹೊಟ್ಟೆ ಕೆಟ್ಟಿದೆ. ಎಲ್ಲಾ ಕಾರಿಕೊಂಡೆ. ಅವರೆ ಜಾಸ್ತಿಯಾಗಿರಬೇಕು. ಆ ಮೆಸ್ಸಿನವನು ಯಾವ ಎಣ್ಣೆ ಹಾಕುತ್ತಾನೋ, ಹಾಳು.

ಜನವರಿ 17, ಮಂಗಳವಾರ

ಹೊಟ್ಟೆ ಸರಿಯಿಲ್ಲ. ಮೊಸರನ್ನ. ಉಪ್ಪು ಬೇಡ ಅಂದೆ. ಹೊಟ್ಟೆ ಸರಿಯಿಲ್ಲ ಅಂತ.

ಜನವರಿ 20, ಶುಕ್ರವಾರ

ಈ ಯೂನಿಟ್ಟಿನಲ್ಲಿ ಮನುಷ್ಯ ತನ್ನ ಪಾಡಿಗೆ ತಾನು ಉಣ್ಣುವ ಹಾಗಿಲ್ಲ. ಮಧ್ಯಾಹ್ನ ಬರೀ ಅನ್ನಕ್ಕೆ ಹಾಲು ಕಲಸಿಕೊಂಡು ಕೂತಿದ್ದೆ. ಪಕ್ಕದ ಬೇಸಿನ್ನಿನಲ್ಲಿ ನೂಲು ತೆಗೆಯುವ ಹಾಜಿರಮ್ಮ ಮತ್ತು ಅವರ ಮಗ ಸಮದ್ ಡಬ್ಬಿ ಬಿಚ್ಚಿದರು.

"ಏನ್ಲಾ ಅಂಕ, ಬಿಪಿನಾ ಶುಗರ್ರಾ? ಹುಟ್ಟಿ ಇಪ್ಪತ್ತು ವರ್ಸಕ್ಕೇ ತಾತ ಆಗ್ಬುಟ್ಟೆ" ಅಂದ ಸಮದ್.

"ಹೊಟ್ಟೆ ಸರಿಯಿಲ್ಲ ಕಣ್ಲಾ."

"ಐದು ದಿವ್ಸದಿಂದ ಸರಿಯಿಲ್ವಾ? ಸಾಯಂಕಾಲ ಬಾ, ಒಂದು ಕ್ವಾರ್ಟರ್ ಹಾಕುದ್ರೆ ಹುಳ ಎಲ್ಲಾ ಸತ್ತೋಯ್ತವೆ."

"ಬ್ಯಾಡ."

"ಬ್ಯಾಡ್ವಾ! ಅಮ್ಮಾ, ಇವನನ್ನ ಆಸ್ಪತ್ರೆಗೆ ಹಾಕು."

ಹಾಜಿರಮ್ಮ ನಗಲಿಲ್ಲ. ನನ್ನ ತಟ್ಟೆ ನೋಡಿದರು. "ಮನೇಲಿ ಯಾರಿಗಪ್ಪ ಹುಷಾರಿಲ್ಲ?" ಅಂದರು.

ನನಗೇ ಹುಷಾರಿಲ್ಲ ಅಂದೆ. ಬಿಸಿನೀರಿನಲ್ಲಿ ಕೈಯಾಡಿಸಿ ಆಡಿಸಿ ಅವರ ಬೆರಳ ತುದಿಗಳು ಬಿಳಿಚಿ ಸುಲಿದುಹೋಗಿವೆ. ಆ ಬೆರಳಿನಲ್ಲೇ ರೊಟ್ಟಿ ಮುರಿಯುತ್ತಾ ಕಾದರು. ನನಗೆ ರೇಗಿತು. ರೇಗಿದ ಬಾಯಲ್ಲಿ ಎಲ್ಲಾ ಹೇಳಿಬಿಟ್ಟೆ. ತಂಗಿ, ಗೋಡೆ, ಅಜ್ಜಿ, ಉಪ್ಪು.

"ನಮ್ಮ ರೋಜಾ ಉಪವಾಸ ಇದ್ದಂಗೆ ಅನ್ನು" ಅಂದರು.

"ಅಲ್ಲ ಹಾಜಿರಮ್ಮ, ನಾನು ಅದನ್ನೆಲ್ಲಾ ಹಿಡ್ದಿಲ್ಲ. ನಂದು ಬರೀ ಹೊಟ್ಟೆ ವಿಷ್ಯ."

"ಆಯ್ತಪ್ಪ, ಹೊಟ್ಟೆ ವಿಷ್ಯಾನೇ. ನಾಳೆಯಿಂದ ನಿಂಗೂ ಒಂದು ಡಬ್ಬಿ ತರ್ತೀನಿ, ಉಪ್ಪು ಹಾಕ್ದೆ."

ಅಯ್ಯೋ ಪಾಪ ಅನ್ನುವವರನ್ನು ಕಂಡರೆ ನನಗೆ ಆಗುವುದಿಲ್ಲ. ಸಮದ್ ಬೇರೆ ಆಮೇಲಿನಿಂದ ತಮಾಷೆಯನ್ನೇ ನಿಲ್ಲಿಸಿಬಿಟ್ಟಿದ್ದಾನೆ. ಅದು ಇನ್ನೂ ಅಸಹ್ಯ.

ಜನವರಿ 24, ಮಂಗಳವಾರ

ಅಪ್ಪನ ಫೋನು. ಆ ಹೆಸರು ಸ್ಕ್ರೀನಿನ ಮೇಲೆ ಬಂದರೇ ನನಗೆ ಮೂಗಿಗೆ ಸಾರಾಯಿ ಬಡಿಯುತ್ತದೆ. ನಾನು ಮನೆ ಬಿಟ್ಟ ದಿನ ಈ ದಾಸಪ್ಪ ನನ್ನ ಬಟ್ಟೆಗಂಟಿನ ಮೇಲೇ ಕಾರಿಕೊಂಡಿದ್ದ. ಅದನ್ನು ಕೆರೆಯಲ್ಲಿ ಒಗೆದು, ಒದ್ದೆ ಬಟ್ಟೆಯನ್ನೇ ಹೊತ್ತು ಬಸ್ಸು ಹತ್ತಿದ್ದೆ. ಎತ್ತಬಾರದು ಅಂತಿದ್ದೆ, ಎತ್ತಿದೆ.

"ಅಂಕ, ನಾನ್ ಕಣ್ಲಾ."

"ಹೇಳು."

"ನಿನ್ನೆ ಕುಡ್ದುಬುಟ್ಟೆ."

"ಇದೇನ್ ಹೊಸ ವಿಷ್ಯಾನಾ?"

"ಅಲ್ಲ ಕಣ್ಲಾ. ಅಜ್ಜಿ ಹೇಳ್ದಾಗಿಂದ ಮುಟ್ಟಿರ್ನಿಲ್ಲ. ಕೈಕಾಲು ನಡುಗ್ತವೆ, ಮೈಯೆಲ್ಲಾ ಇರುವೆ ಹರ್ದಂಗಾಯ್ತದೆ. ತಡ್ಕಂಡಿದ್ದೆ. ನಿನ್ನೆ ಆಗ್ನಿಲ್ಲ. ನಿಮ್ಮಜ್ಜಿ ಒಂದು ಮಾತೂ ಬೈನಿಲ್ಲ. ಹೋಗಿ ಅವ್ಳ ಮುಂದೆ ಕೂತ್ಕೊ ಅಂದ್ಲು."

"ಕೂತ್ಕಂಡ್ಯಾ?"

"ಕುಂತೆ. ಕುಡ್ದೆ ಕಣವ್ವ ಅಂದೆ."

"ಆಮ್ಯಾಲೆ?"

"ತಿರುಗಿ ನೋಡುದ್ಲು. ಮನೆಗೆ ಬಂದಾಗಿಂದ ಗೋಡೆ ಬುಟ್ಟು ತಿರುಗಿದ್ದೇ ಮೊದ್ಲು. ನನ್ನ ಮೊಕಾನೇ ನೋಡುದ್ಲು."

"ಬೈದ್ಲಾ?"

"ಬೈದಿದ್ರೆ ಬದುಕ್ಕತ್ತಿದ್ದೆ ಕಣ್ಲಾ" ಅಂದು ಅಳತೊಡಗಿದ.

ಗಂಡಸಿನ ಅಳು, ಅದರಲ್ಲೂ ಕುಡುಕನ ಅಳು, ನನಗೆ ವಾಕರಿಕೆ ತರಿಸುತ್ತದೆ. ನಾಲ್ಕು ದಿನ ಅಳುತ್ತಾನೆ, ಐದನೇ ದಿನ ಅಂಗಡಿ ಮುಂದೆ ಬಿದ್ದಿರುತ್ತಾನೆ. ಇದನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ. ಆದರೂ ಫೋನ್ ಕಟ್ ಮಾಡಲಿಲ್ಲ. ಅವನೇ ಇಡುವವರೆಗೆ ಹಿಡಿದುಕೊಂಡಿದ್ದೆ. ಕೈ ಒದ್ದೆಯಾಗಿತ್ತು, ಸ್ಕ್ರೀನ್ ಒತ್ತಿದರೆ ಕೆಲಸ ಮಾಡುತ್ತಿರಲಿಲ್ಲ ಬಿಡಿ.

ಜನವರಿ 28, ಶನಿವಾರ

ಕಬ್ಬಾಳಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರಂತೆ. ಡಾಕ್ಟರಮ್ಮ ಒಳ್ಳೆಯವರು, ಕೈ ಹಿಡಿದು ಬಹಳ ಹೊತ್ತು ಮಾತಾಡಿಸಿದರು ಅಂತ ಅವ್ವ ಹೇಳಿದಳು. ಇವಳು ಬಾಯಿ ಬಿಡಲಿಲ್ಲ. ಮಾತ್ರೆ ಕೊಟ್ಟಿದ್ದಾರೆ. ಹಾಲು, ಮಜ್ಜಿಗೆ, ಹಣ್ಣು ತಪ್ಪಿಸಬೇಡಿ ಅಂದಿದ್ದಾರೆ. ಮುಂದಿನ ವಾರಕ್ಕೂ ಮಾತು ಬರದಿದ್ದರೆ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಬರೆದುಕೊಡುತ್ತಾರಂತೆ, ಅಲ್ಲಿ ಸೇರಿಸಿಕೊಳ್ಳಬಹುದಂತೆ.

ಅಜ್ಜಿ ಮಾತ್ರೆ ಬೇಡ ಅನ್ನುತ್ತಾಳೆ ಅಂದುಕೊಂಡಿದ್ದೆ. ಜಗಳಕ್ಕೆ ರೆಡಿಯಾಗಿದ್ದೆ. "ನುಂಗ್ಲಿ ಬುಡು. ಅವ್ರ ಔಸ್ತಿ ಅವ್ರದು, ನಮ್ಮ ಪಥ್ಯ ನಮ್ಮದು" ಅಂದಳಂತೆ. ಜಗಳವೂ ಇಲ್ಲದ ಹಾಗೆ ಮಾಡಿದಳು.

ಜನವರಿ 29, ಭಾನುವಾರ

ರಜೆ. ಊರಿಗೆ ಹೋಗೋಣ ಅಂತ ಕನಕಪುರದ ಬಸ್ಸು ಹತ್ತಿ ಕೂತೆ. ಕಬ್ಬಾಳಮ್ಮನಿಗೆ ಹರಕೆ ಹೊತ್ತವರೇ ಬಸ್ಸು ತುಂಬಾ. ಪಕ್ಕದವಳ ಬುಟ್ಟಿಯಲ್ಲಿದ್ದ ಕೋಳಿ ನನ್ನ ಚಪ್ಪಲಿಯ ಮೇಲೇ ಹೇತಿತು. ಮುಂದೆ ಒಬ್ಬ ಕಿಟಕಿಯಿಂದ ಉಗಿದದ್ದು ಗಾಳಿಗೆ ತಿರುಗಿ ಎಲ್ಲರ ಮುಖಕ್ಕೆ. ಬಸ್ಸು ಹೊರಡುವ ಮೊದಲೇ ಇಳಿದುಬಿಟ್ಟೆ.

ಮನುಷ್ಯರು ಹೋಗುವ ಬಸ್ಸಲ್ಲ ಅದು. ಅದಕ್ಕೇ ಇಳಿದದ್ದು.

ಹೋಗಿದ್ದರೆ ಅವಳ ಮುಂದೆ ಕೂರಬೇಕಿತ್ತು.

ಫೆಬ್ರವರಿ 1, ಬುಧವಾರ

ಅಜ್ಜಿಯ ದನಿ ಇಳಿದುಹೋಗಿದೆ. ಮೊದಲ ಸಲ ಫೋನಿನಲ್ಲಿ ಕೂಗದೆ ಮಾತಾಡಿದಳು.

"ಎದ್ದು ಕುಂತ್ಕತಾಳೆ, ಉಣ್ತಾಳೆ, ತಲೆ ಬಾಚಿಸ್ಕತಾಳೆ. ಎಲ್ರ ತಟ್ಟೇನೂ ನೋಡ್ತಾಳೆ, ಅದ್ರಾಗೂ ನಿಮ್ಮಪ್ಪನ ತಟ್ಟೆ. ಬಾಯಿ ಬಿಚ್ಚಾಕಿಲ್ಲ. ಉಪ್ಪು ಕೇಳಾಕಿಲ್ಲ. ಇಷ್ಟೊತ್ತಿಗೆ ಕೇಳ್ಬೇಕಾಗಿತ್ತು."

"ಡಾಕ್ಟ್ರು ಮಾತ್ರೆ..."

"ಎಲ್ಲೋ ಯಾರೋ ಮುರ್ದವ್ರೆ ಮಗ. ಮುರ್ದು ಹೇಳಿಲ್ಲ. ಇಲ್ಲಿ ನಾನು, ನಿಮ್ಮವ್ವ, ನಿಮ್ಮಪ್ಪ. ನಿಮ್ಮಪ್ಪ ಮುರ್ದ, ಹೇಳ್ದ, ಮತ್ತೆ ಹಿಡ್ದವ್ನೆ."

ಸಾಹೇಬರು ಕರೀತಾವ್ರೆ ಅಂತ ಸುಳ್ಳು ಹೇಳಿ ಫೋನ್ ಇಟ್ಟೆ.

ಇದಕ್ಕೇ ನನಗೆ ಆ ದೊಡ್ಡಿ ಕಂಡರೆ ಹೇಸಿಗೆ. ಯಾವಳೋ ತಲೆಸುತ್ತಿ ಬಿದ್ದರೆ ದಿಂಬಿನ ಕೆಳಗಿನ ಬೇರು ಕಾರಣ ಅಂತ ಆ ಹುಡುಗಿಯರು ಅಂದರು. ನನ್ನ ತಂಗಿ ಮಾತಾಡದಿದ್ದರೆ ರಾಮನಗರದಲ್ಲಿ ತಿಂದ ಬಿರಿಯಾನಿ ಕಾರಣ ಅಂತ ನನ್ನಜ್ಜಿ ಅನ್ನುತ್ತಾಳೆ. ಎರಡಕ್ಕೂ ಏನು ವ್ಯತ್ಯಾಸ? ನಾನು ಹತ್ತನೇ ಕ್ಲಾಸು ಓದಿದವನು. ಅದೂ ಅಲ್ಲದೆ ಈಗ ಎಷ್ಟು ದಿನವಾಯಿತು ಉಪ್ಪು ಮುಟ್ಟಿ? ಹೊಟ್ಟೆಯ ಕಾರಣಕ್ಕೇ ಇರಲಿ, ಮುಟ್ಟಿಲ್ಲ ತಾನೇ? ಇಡೀ ಯೂನಿಟ್ಟು ನೋಡಿದೆ. ಹಾಜಿರಮ್ಮನನ್ನು ಕೇಳಲಿ ಬೇಕಾದರೆ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಅವಳ ಪಕ್ಕದ ಮಂಚದಲ್ಲಿ ಯಾರಿರುತ್ತಾರೋ. ಅವರೂ ಎದ್ದು ಹೋದರೆ?

ಫೆಬ್ರವರಿ 3, ಶುಕ್ರವಾರ

ಕಡೆಗೂ ಮಾಡಿದೆ. ಮಧ್ಯಾಹ್ನ ಊಟದ ಹೊತ್ತಿಗೆ ಯೂನಿಟ್ಟಿನ ಹಿಂದೆ ಹೋದೆ. ಅಲ್ಲಿ ನೂಲು ತೆಗೆದ ಮೇಲೆ ಉಳಿದ ಹುಳುಗಳನ್ನು ಒಣಗಲು ರಾಶಿ ಹಾಕಿರುತ್ತಾರೆ, ನೊಣ ಮುತ್ತಿರುತ್ತವೆ. ಮೂಗಿರುವವರು ಯಾರೂ ಬರುವುದಿಲ್ಲ. ಅಜ್ಜಿಗೆ ಹೇಳಿದೆ, ಫೋನ್ ಸ್ಪೀಕರಿಗೆ ಹಾಕಿ ಅವಳ ಹತ್ತಿರ ಇಡು ಅಂತ.

"ಕಬ್ಬಾಳಿ, ನಾನು ಕಣೆ" ಅಂದೆ. ಆ ಕಡೆ ಏನೂ ಇಲ್ಲ. ಕೋಳಿ ಕೆದಕುವ ಸದ್ದು ಅಷ್ಟೇ.

"ಅಜ್ಜಿ ನಿಂಗೆ ನನ್ನ ಬಗ್ಗೆ ಹೇಳಿದ್ಲಲ್ಲ, ಅಣ್ಣ ಸಪ್ಪೆ ಉಣ್ತಾವ್ನೆ ಅಂತ. ಅದು ಸುಳ್ಳು. ಅಜ್ಜೀದಲ್ಲ, ನಂದು. ಹಿಡೀತೀನಿ ಅಂದ ದಿನಾನೇ ಬಿರಿಯಾನಿ ತಿಂದೆ. ಎಲ್ಡು ಪ್ಲೇಟು. ನೀನು ಮೊದ್ಲು ತುತ್ತು ತಿಂದ್ಯಲ್ಲ, ಸಂಕ್ರಾಂತಿ ದಿನ, ಅವತ್ತು ಹಿತಕಿದ ಬೇಳೆ ಸಾರು. ಬೆರಳು ನೆಕ್ಕಂಡು ತಿಂದೆ."

ಆ ಕಡೆ ಯಾರೋ, ಅವ್ವ ಇರಬೇಕು, ಉಸಿರು ಎಳೆದುಕೊಂಡಳು. ಕಬ್ಬಾಳಿಯ ಸದ್ದಿಲ್ಲ. ಇಷ್ಟು ಹೇಳಿದರೆ ಮುಗಿಯುತ್ತದೆ ಅಂದುಕೊಂಡಿದ್ದೆ. ಸುಮ್ಮನಿರುವುದಕ್ಕೆ ಭಯವಾಗಿ ಬಾಯಿಗೆ ಬಂದದ್ದು ಆಡುತ್ತಾ ಹೋದೆ. "ಆಮ್ಯಾಲಿಂದ ಹಿಡ್ದಿದೀನಿ. ಥೂ, ಏನ್ ಕರ್ಮನೆ ಅದು! ಸಪ್ಪೆ ಅನ್ನ ಒದ್ದೆ ಪೇಪರ್ ಅಗುದಂಗೆ. ಸಪ್ಪೆ ಬೇಳೆ ಗೋಡೆಗೆ ಹಚ್ಚೋ ಸುಣ್ಣ. ಮೊನ್ನೆ ಈ ಸತ್ತ ಹುಳಾನೇ ಒಂದು ಬಾಯಿಗೆ ಹಾಕ್ಕಂಡ್ರೆ ರುಚಿ ಇರ್ತದೇನೋ ಅನ್ನಿಸ್ಬುಡ್ತು. ಆ ಹಿತಕಿದ ಬೇಳೆ ಸಾರು ಕನಸಲ್ಲೆಲ್ಲಾ ಬತ್ತದೆ, ಇಂಗು ಬೆಳ್ಳುಳ್ಳಿ ಒಗ್ಗರಣೆ ಚುಂಯ್ ಅಂತ..."

"ಥೂ!"

ಮೊದಲು ನಾನೇ ಅಂದೆನೇನೋ ಅಂದುಕೊಂಡೆ.

"ಥೂ ನಿನ್ ಮೊಕಕ್ಕಿಷ್ಟು! ನಾನಿಲ್ಲಿ ಸಪ್ಪೆ ಮುದ್ದೆ ನುಂಗಿ ಸಾಯ್ತಾ ಇದ್ರೆ, ಒಗ್ಗರಣೆ ಚುಂಯ್ ಅಂತಂತೆ!"

ದನಿ ತುಕ್ಕು ಹಿಡಿದ ಬಾಗಿಲಿನ ಹಾಗಿತ್ತು. ಆದರೆ ಅವಳದೇ. ಆ ಕಡೆ ಗದ್ದಲವೋ ಗದ್ದಲ.

"ಏನಂದ್ಲೆ? ಉಪ್ಪು ಅಂದ್ಲಾ?" ಅಜ್ಜಿ ಕೂಗಿದಳು.

"ಇಲ್ಲತ್ತೆ, ಥೂ ಅಂದ್ಲು" ಅವ್ವ ಅಳುತ್ತಾ ನಗುತ್ತಿದ್ದಳು.

"ಥೂ ಅಂದ್ರೆ ಉಪ್ಪು ಕೇಳ್ದಂಗಲ್ಲ. ಉಪ್ಪು ಅನ್ಬೇಕು."

"ಮಾತು ಬಂತಲ್ಲವ್ವ! ಒಸಿ ಉಪ್ಪು ಅಂತಾನೂ ಅಂದ್ಬುಡು ನನ್ ತಾಯಿ" ಅಪ್ಪ ಅಂಗಲಾಚುತ್ತಿದ್ದ. ಅವನ ದನಿಯಲ್ಲಿ ತೊದಲು ಇರಲಿಲ್ಲ. ಎಷ್ಟೋ ವರ್ಷದ ಮೇಲೆ ಆ ದನಿ ಕೇಳಿದೆ, ತಕ್ಷಣಕ್ಕೆ ಯಾರು ಅಂತಲೇ ಹೊಳೆಯಲಿಲ್ಲ.

ಅವಳು ಉಪ್ಪು ಅನ್ನಲಿಲ್ಲ. ಫೋನ್ ಎತ್ತಿಕೊಂಡು ಹೊರಗೆ ನಡೆದಳು ಅಂತ ಕಾಣುತ್ತದೆ. ಗದ್ದಲ ಹಿಂದಾಯಿತು, ಗಾಳಿಯ ಸದ್ದು ಬಂತು. ಸ್ಪೀಕರ್ ಆಫ್ ಮಾಡಿದಳು.

"ಅಣ್ಣ."

"ಹೂಂ."

"ಮೊದ್ಲು ಮಾತು ಬತ್ತಾನೇ ಇರ್ನಿಲ್ಲ ಕಣಣ್ಣ. ನಿಜ್ವಾಗ್ಲೂ. ಗಂಟ್ಲಲ್ಲಿ ಬಟ್ಟೆ ತುರ್ಕ್ದಂಗೆ. ಆಮ್ಯಾಲೆ ಬಂತು. ಬಂದ್ಮೇಲೆ ನಾನೇ ಇಟ್ಕಂಡಿದ್ದೆ."

"ಯಾಕೆ? ಇಲ್ಲಿ ನಾನು ಸಪ್ಪೆ ತಿಂದು ತಿಂದು..."

"ಮೆತ್ತಗೆ ಮಾತಾಡು. ನಾನು ಉಪ್ಪು ಅಂದ್ರೆ ಅಪ್ಪನ ಪಥ್ಯನೂ ಮುಗೀತದೆ."

ಫೋನಿನ ಸದ್ದು ಕಮ್ಮಿ ಮಾಡಿ ಕಿವಿಗೆ ಒತ್ತಿಕೊಂಡೆ.

"ಈಗೀಗ ಅವ್ನ ಕೈ ನಡುಗೋದು ಕಮ್ಮಿಯಾಗೈತೆ" ಅಂದಳು. "ಮುದ್ದೆ ಮುರಿಯೋವಾಗ ನೋಡ್ತಾ ಇರ್ತೀನಿ. ಮೊನ್ನೆ ನನ್ನ ಕಾಲೇಜ್ ಬ್ಯಾಗು ಹೊಲ್ದು ಕೊಟ್ಟ, ಸೂಜಿಗೆ ದಾರ ಅವ್ನೇ ಹಾಕ್ದ. ಇನ್ನೊಂದೊಸಿ ದಿನ ಇರ್ಲಿ."

"ಡಾಕ್ಟ್ರು ಬೆಂಗ್ಳೂರು ಅಂದವ್ರೆ, ಗೊತ್ತಾ?"

"ಡಾಕ್ಟ್ರಮ್ಮನ ಹತ್ರ ಮಾತಾಡ್ತೀನಿ. ಹಾಸ್ಟೆಲ್ ವಿಷ್ಯಾನೂ ಹೇಳ್ತೀನಿ. ಇವತ್ತು ಹೆಂಗೂ ಬಾಯಿ ಬುಟ್ಟಾಯ್ತು, ನಿನ್ನಿಂದ. ಉಪ್ಪು ಮಾತ್ರ ಅನ್ನಾಕಿಲ್ಲ. ನೀನೂ ತಡ್ಕೊ."

"ಎಷ್ಟು ದಿನ?"

"ನಾನ್ ಹೇಳೋಗಂಟ."

"ಥೂ" ಅಂದೆ.

ನಕ್ಕಳು. ಅಷ್ಟರಲ್ಲಿ ಒಳಗಿನಿಂದ ಸಾಹೇಬರು ನನ್ನ ಹೆಸರು ಹಿಡಿದು ಕೂಗಿದರು, ನೀರು ಕಾದಿತ್ತು.

ಸಂಜೆ ಸಮದ್ ಬಿರಿಯಾನಿಗೆ ಕರೆದ, ತಂಗಿ ಮಾತಾಡಿದ ಖುಷಿಗೆ ಅಂತ. ಆಗಲ್ಲ ಕಣ್ಲಾ ಅಂದೆ. ಇನ್ನೂ ಹೊಟ್ಟೆನಾ ಅಂದ. ಇಲ್ಲ, ಮನೆಯಲ್ಲಿ ಪಥ್ಯ ಅಂದೆ. ಹಾಜಿರಮ್ಮನ ಡಬ್ಬಿ ತಿಂದೆ. ಇವತ್ತು ಸಪ್ಪೆ ಬದನೆಕಾಯಿ. ಅದಕ್ಕಿಂತ ಅಸಹ್ಯವಾದದ್ದು ಭೂಮಿಯ ಮೇಲಿಲ್ಲ, ಅದನ್ನು ನಾಳೆ ಅವಳಿಗೆ ಹೇಳಬೇಕು. ಅಪ್ಪ ಸೌದೆಗೆ ಹೋದ ಮೇಲೆ ಫೋನ್ ಮಾಡು ಅಂದಿದ್ದಾಳೆ. ಬೆಳಿಗ್ಗೆ ಏಳು ಗಂಟೆಗೆ.